ಸೋರಿಯಾಸಿಸ್: ಅಂಜಬೇಡಿ, ಮುಚ್ಚಿಡಬೇಡಿ, ಚಿಕಿತ್ಸೆ ಬಿಡಬೇಡಿ

(ಶ್ರೀಮಠದ ಧರ್ಮಾರ್ಥ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ರೋಗಿಗಳಿಗೆ ಹಾಗೂ ಅವರ ಜೊತೆ ಬಂದ ಬಂಧುಗಳಿಗೆ ನೀಡಿದ ಉಪನ್ಯಾಸದ ಬರಹರೂಪ)



ಕೆಲವು ದಿನಗಳ ಹಿಂದೆ ಮಧ್ಯಾಹ್ನ ದಾಸೋಹ ಭವನದ ಬಾಗಿಲಲ್ಲಿ ಒಬ್ಬ ಹಿರಿಯರು ತಟ್ಟೆ ಹಿಡಿದು ನಿಂತಿದ್ದರು. ಪಂಕ್ತಿಯಲ್ಲಿ ಜಾಗ ಇತ್ತು. "ಒಳಗೆ ಬನ್ನಿ ಯಜಮಾನರೇ, ಕುಳಿತುಕೊಳ್ಳಿ" ಎಂದರೆ, "ಬ್ಯಾಡ್ರಿ, ನನ್ನ ಮೈ ಸರಿ ಇಲ್ಲ. ಪಕ್ಕದವರಿಗೆ ಹೇಸಿಗೆ ಆಗ್ತದ" ಎಂದರು. ಮೊಣಕೈ ಮೇಲೆ, ಮೊಣಕಾಲ ಮೇಲೆ, ತಲೆಯ ಅಂಚಿನಲ್ಲಿ ಬಿಳಿ ಹೊಟ್ಟು ಕಟ್ಟಿದ ದಪ್ಪ ಮಚ್ಚೆಗಳಿದ್ದವು. ಹನ್ನೊಂದು ವರ್ಷದಿಂದ ಅವರು ಮನೆಯಲ್ಲಿಯೂ ಬೇರೆ ತಟ್ಟೆ, ಬೇರೆ ಲೋಟ ಇಟ್ಟುಕೊಂಡಿದ್ದರಂತೆ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ, ತಾವೇ ಮಾಡಿಕೊಂಡಿದ್ದರು.

ಆ ಹಿರಿಯರಿಗೆ ಇದ್ದದ್ದು ಸೋರಿಯಾಸಿಸ್. ಅದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೇ ಅಲ್ಲ. ಹನ್ನೊಂದು ವರ್ಷ ಅವರು ಪಟ್ಟ ಕಷ್ಟದಲ್ಲಿ ಅರ್ಧ ರೋಗದ್ದು, ಇನ್ನರ್ಧ ತಪ್ಪು ತಿಳಿವಳಿಕೆಯದ್ದು. ರೋಗಕ್ಕೆ ಔಷಧಿ ಕೊಡಬಹುದು. ತಪ್ಪು ತಿಳಿವಳಿಕೆ ಹೋಗಬೇಕಾದರೆ ಹೀಗೆ ಕುಳಿತು ಮಾತಾಡಬೇಕು. ಅದಕ್ಕಾಗಿಯೇ ಇಂದಿನ ಈ ನಾಲ್ಕು ಮಾತು.

ಸೋರಿಯಾಸಿಸ್ ಎಂದರೇನು?

ನಮ್ಮ ಚರ್ಮ ಸದಾ ಹೊಸದಾಗುತ್ತಿರುತ್ತದೆ. ಕೆಳಗಿನ ಪದರದಲ್ಲಿ ಹುಟ್ಟಿದ ಜೀವಕೋಶ ಮೇಲೆ ಬಂದು, ಸತ್ತು, ನಮಗೆ ಕಾಣದಂತೆ ಉದುರಿ ಹೋಗಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಇದೇ ಕೆಲಸ ನಾಲ್ಕೈದು ದಿನದಲ್ಲಿ ಮುಗಿಯುತ್ತದೆ. ಬಲಿಯದ ಕೋಶಗಳು ಒಂದರ ಮೇಲೊಂದು ಬಂದು ಬೀಳುತ್ತವೆ, ಉದುರಲು ಸಮಯ ಸಿಗುವುದಿಲ್ಲ. ಅದಕ್ಕೇ ಚರ್ಮ ದಪ್ಪವಾಗಿ, ಬೆಳ್ಳಿಯಂತಹ ಹೊಟ್ಟು ಕಟ್ಟುತ್ತದೆ.

ಹೀಗೇಕೆ ಆಗುತ್ತದೆ? ರೋಗಾಣುಗಳ ವಿರುದ್ಧ ಹೋರಾಡಲು ದೇಹದಲ್ಲಿ ಒಂದು ರಕ್ಷಣಾ ಪಡೆ ಇದೆ. ಆ ಪಡೆ ಕಾರಣವಿಲ್ಲದೆ ಎಚ್ಚೆತ್ತು ಚರ್ಮಕ್ಕೆ "ಬೇಗ ಬೆಳೆ, ಬೇಗ ಬೆಳೆ" ಎಂಬ ಸಂದೇಶ ಕಳಿಸುತ್ತಲೇ ಇರುತ್ತದೆ. ಇದು ರಕ್ತ ಕೆಟ್ಟಿದ್ದರಿಂದ ಬಂದದ್ದಲ್ಲ, ಕೊಳಕಿನಿಂದ ಬಂದದ್ದಲ್ಲ, ಯಾವ ಪಾಪದ ಫಲವೂ ಅಲ್ಲ. ಇಲ್ಲಿ ರೋಗಾಣುವೇ ಇಲ್ಲ, ಆದ್ದರಿಂದ ಅಂಟುವ ಮಾತೂ ಇಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ, ಮಗುವನ್ನು ಎತ್ತಿ ಮುದ್ದಾಡಿದರೂ ಬರುವುದಿಲ್ಲ.

ವಂಶದಲ್ಲಿ ಬರುತ್ತದೆಯೇ ಎಂದು ಬಹಳ ಜನ ಕೇಳುತ್ತೀರಿ. ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರ ಮನೆತನದಲ್ಲಿ ಇನ್ನೊಬ್ಬರಿಗೂ ಇರುತ್ತದೆ. ಬರುವ ಸ್ವಭಾವ ಹುಟ್ಟಿನಿಂದ ಇರಬಹುದು, ಆದರೆ ತಂದೆಗೋ ತಾಯಿಗೋ ಒಬ್ಬರಿಗೆ ಇದ್ದರೆ ಹೆಚ್ಚಿನ ಮಕ್ಕಳಿಗೆ ಇದು ಬರುವುದಿಲ್ಲ. ಈ ಕಾರಣಕ್ಕೆ ಮದುವೆ ಮುರಿಯುವುದು, ಸೊಸೆಯನ್ನು ತವರಿಗೆ ಕಳಿಸುವುದು ಅನ್ಯಾಯ.

ಇದು ಕುಷ್ಠವಲ್ಲ, ತೊನ್ನೂ ಅಲ್ಲ

ಹಿಂದೆ ವೈದ್ಯರೇ ಈ ರೋಗವನ್ನು ಕುಷ್ಠದ ಜೊತೆ ಸೇರಿಸುತ್ತಿದ್ದರು. 1841ರಲ್ಲಿ ವಿಯೆನ್ನಾ ನಗರದ ವೈದ್ಯ ಫರ್ಡಿನಾಂಡ್ ಹೆಬ್ರಾ ಎರಡೂ ಬೇರೆ ಬೇರೆ ಎಂದು ಸ್ಪಷ್ಟಪಡಿಸಿದರು. ಇಷ್ಟು ಕಾಲ ಕಳೆದರೂ ನಮ್ಮ ಊರುಗಳಲ್ಲಿ ಆ ಗೊಂದಲ ಇನ್ನೂ ಹೋಗಿಲ್ಲ.

ಮುಖ್ಯ ವ್ಯತ್ಯಾಸ ಹೀಗಿದೆ. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶ ಜ್ಞಾನ ಕಡಿಮೆ ಇರುತ್ತದೆ, ಮುಟ್ಟಿದರೆ, ಚುಚ್ಚಿದರೆ ಸರಿಯಾಗಿ ಗೊತ್ತಾಗುವುದಿಲ್ಲ. ಸೋರಿಯಾಸಿಸ್ ಮಚ್ಚೆಯಲ್ಲಿ ಸ್ಪರ್ಶ ಎಂದಿನಂತೆ ಇರುತ್ತದೆ, ಜೊತೆಗೆ ಹೊಟ್ಟು ಇರುತ್ತದೆ. ಕುಷ್ಠಕ್ಕೂ ಇಂದು ಪೂರ್ತಿ ವಾಸಿ ಮಾಡುವ ಔಷಧಿ ಇದೆ, ಅವರನ್ನೂ ದೂರ ಇಡಬೇಕಾಗಿಲ್ಲ. ಹೆಸರು ಹೇಳಿ ಹೆದರಿಸುವುದನ್ನು ಮೊದಲು ಬಿಡೋಣ.

ಸೋರಿಯಾಸಿಸ್ ಮಾಗಿದ ಮೇಲೆ ಆ ಜಾಗ ಕೆಲವು ತಿಂಗಳು ಕಪ್ಪಾಗಿಯೋ ಬೆಳ್ಳಗೋ ಕಾಣಬಹುದು. "ಔಷಧಿ ಹಚ್ಚಿ ತೊನ್ನು ಬಂತು" ಎಂದು ಗಾಬರಿಯಾಗಿ ಬರುತ್ತೀರಿ. ಅದು ತೊನ್ನಲ್ಲ, ಗಾಯ ಮಾಗಿದ ಗುರುತು. ನಿಧಾನವಾಗಿ ಸುತ್ತಲಿನ ಬಣ್ಣಕ್ಕೆ ಕೂಡಿಕೊಳ್ಳುತ್ತದೆ.

ವೈದ್ಯರು ಹೇಗೆ ಪತ್ತೆ ಮಾಡುತ್ತಾರೆ?

"ರಕ್ತ ಪರೀಕ್ಷೆ ಮಾಡಿಸಲಿಲ್ಲ, ಸ್ಕ್ಯಾನಿಂಗ್ ಮಾಡಿಸಲಿಲ್ಲ, ಬರೀ ನೋಡಿ ಹೇಳಿಬಿಟ್ಟರು" ಎಂದು ಕೆಲವರು ಸಂಶಯ ಪಡುತ್ತೀರಿ. ಸೋರಿಯಾಸಿಸ್ ಇದೆ ಎಂದು ಹೇಳುವ ರಕ್ತ ಪರೀಕ್ಷೆ ಇಲ್ಲ. ಬಹುಪಾಲು ರೋಗಿಗಳಲ್ಲಿ ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ, ಕೇಳಿ ತಿಳಿದೇ ನಿರ್ಧಾರ ಮಾಡುವುದು. ಅದಕ್ಕೇ ಮೈ ಪೂರ್ತಿ ತೋರಿಸಲು ನಾಚಬೇಡಿ. ತಲೆ, ಕಿವಿಯ ಹಿಂಭಾಗ, ಹೊಕ್ಕಳು, ಸೊಂಟದ ಕೆಳಭಾಗ, ಅಂಗೈ, ಅಂಗಾಲು, ಉಗುರು, ಎಲ್ಲವನ್ನೂ ನೋಡಬೇಕಾಗುತ್ತದೆ. ತಾಯಂದಿರ ಜೊತೆ ನರ್ಸ್ ಅಕ್ಕನವರು ಇರುತ್ತಾರೆ.

ಬಿಳಿಯ ಚರ್ಮದವರಲ್ಲಿ ಈ ಮಚ್ಚೆ ಕೆಂಪಗೆ ಕಾಣುತ್ತದೆ. ನಮ್ಮ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದಲ್ಲಿ ನೇರಳೆ ಅಥವಾ ಕಂದು ಛಾಯೆ ಇರುತ್ತದೆ. ಅಂಚು ಗೆರೆ ಎಳೆದಂತೆ ಸ್ಪಷ್ಟ. ಮೆಲ್ಲಗೆ ಕೆರೆದರೆ ಮೇಣದ ಬತ್ತಿ ಕೆರೆದ ಹಾಗೆ ಬಿಳಿ ಪುಡಿ ಉದುರುತ್ತದೆ. ಇನ್ನೂ ಕೆರೆದರೆ ಸೂಜಿ ಮೊನೆಯಷ್ಟು ಸಣ್ಣ ರಕ್ತದ ಚುಕ್ಕೆಗಳು ಕಾಣುತ್ತವೆ. ಇದನ್ನು ವೈದ್ಯರು ನೋಡಲಿ, ಮನೆಯಲ್ಲಿ ನೀವು ಕೆರೆದು ಪರೀಕ್ಷೆ ಮಾಡಬೇಡಿ.

ಏಕೆಂದರೆ ಈ ರೋಗಕ್ಕೆ ಒಂದು ಗುಣ ಇದೆ. ಎಲ್ಲಿ ಗಾಯ, ಎಲ್ಲಿ ತಿಕ್ಕಾಟ, ಅಲ್ಲಿ ಹೊಸ ಮಚ್ಚೆ ಏಳುತ್ತದೆ. ಜರ್ಮನಿಯ ವೈದ್ಯ ಹೆನ್ರಿಕ್ ಕೋಬ್ನರ್ ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಗುರುತಿಸಿದರು. ಹಚ್ಚೆ ಹಾಕಿಸಿದ ಜಾಗ, ಲಂಗದ ದಾರ ಬಿಗಿದ ಸೊಂಟ, ಚಪ್ಪಲಿ ಉಜ್ಜುವ ಕಾಲು, ಶಿವದಾರ ತಿಕ್ಕುವ ಕುತ್ತಿಗೆ ನೋಡಿಕೊಳ್ಳಿ. ಶಿವದಾರ ಬಿಡಬೇಕೆಂದಲ್ಲ, ಮೆತ್ತಗಿನ ಹತ್ತಿ ದಾರ ಇರಲಿ, ಬಿಗಿಯಾಗದಿರಲಿ, ಅಷ್ಟೇ.

ಹುಳುಕಡ್ಡಿ, ಇಸಬು, ತಲೆಹೊಟ್ಟು ಇವು ಕೆಲವು ಸಲ ಸೋರಿಯಾಸಿಸ್‌ನಂತೆಯೇ ಕಾಣುತ್ತವೆ. ಸಂಶಯ ಬಂದರೆ ಹೊಟ್ಟನ್ನು ಗಾಜಿನ ಮೇಲೆ ತೆಗೆದು ಸೂಕ್ಷ್ಮದರ್ಶಕದಲ್ಲಿ ಬೂಷ್ಟು ಇದೆಯೇ ಎಂದು ನೋಡುತ್ತಾರೆ. ಆಗಲೂ ಬಗೆಹರಿಯದಿದ್ದರೆ ಆ ಜಾಗ ಜೋಮು ಹಿಡಿಯುವಂತೆ ಇಂಜೆಕ್ಷನ್ ಕೊಟ್ಟು, ಕಾಳಿನಷ್ಟು ಚರ್ಮದ ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದಕ್ಕೆ ಬಯಾಪ್ಸಿ ಎನ್ನುತ್ತಾರೆ. ಬಯಾಪ್ಸಿ ಎಂದ ಕೂಡಲೇ ಕ್ಯಾನ್ಸರ್ ಎಂದು ಅಳಬೇಡಿ.

ಮಕ್ಕಳಲ್ಲಿ, ಹರೆಯದವರಲ್ಲಿ ಗಂಟಲು ನೋವು ಬಂದು ಎರಡು ಮೂರು ವಾರದ ಮೇಲೆ ಮೈತುಂಬ ಮಳೆ ಹನಿ ಬಿದ್ದಂತೆ ಸಣ್ಣ ಮಚ್ಚೆಗಳು ಏಳುವುದುಂಟು. ಅದೂ ಸೋರಿಯಾಸಿಸ್‌ನ ಒಂದು ಬಗೆ. ಅನೇಕರಲ್ಲಿ ಕೆಲವು ತಿಂಗಳಲ್ಲಿ ಇಳಿಯುತ್ತದೆ.

ಕೀಲು ಮತ್ತು ಉಗುರನ್ನು ಮರೆಯಬೇಡಿ

ಇದು ಚರ್ಮಕ್ಕೆ ಮಾತ್ರ ಸೀಮಿತವಲ್ಲ. ನೂರು ರೋಗಿಗಳಲ್ಲಿ ಸುಮಾರು 20ರಿಂದ 30 ಜನರಿಗೆ ಮುಂದೆ ಕೀಲು ಬಾಧೆ ಬರಬಹುದು. ಬೆಳಿಗ್ಗೆ ಎದ್ದಾಗ ಬೆರಳು, ಬೆನ್ನು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿಯಾಗಿರುವುದು, ಒಂದು ಬೆರಳು ಪೂರ್ತಿ ಊದಿಕೊಳ್ಳುವುದು, ಹಿಮ್ಮಡಿ ನೋವು, ಇವು ಇದ್ದರೆ ಕೇಳುವ ಮೊದಲೇ ಹೇಳಿ. ಉಗುರಿನ ಮೇಲೆ ಸೂಜಿಯಿಂದ ಚುಚ್ಚಿದಂತೆ ಕುಳಿಗಳಿದ್ದರೆ, ಉಗುರು ಬುಡದಿಂದ ಬಿಟ್ಟುಕೊಂಡಿದ್ದರೆ ಇನ್ನಷ್ಟು ಎಚ್ಚರ. "ವಾಯು ನೋವು" ಎಂದು ಎಣ್ಣೆ ತಿಕ್ಕುತ್ತ ವರ್ಷ ಕಳೆದರೆ ಕೀಲು ಸೊಟ್ಟಗಾಗಿ ಬಿಡುತ್ತದೆ. ಆಮೇಲೆ ಅದನ್ನು ನೇರ ಮಾಡುವುದು ಕಷ್ಟ.

ಹೆಚ್ಚು ಸೋರಿಯಾಸಿಸ್ ಇದ್ದವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ, ಬೊಜ್ಜು ಕೂಡ ಹೆಚ್ಚು ಕಂಡುಬರುತ್ತವೆ. ಆದ್ದರಿಂದ ನಿಮ್ಮ ತೂಕ, ಬಿಪಿ, ಸಕ್ಕರೆ ನೋಡುತ್ತೇವೆ. ಚರ್ಮಕ್ಕೆ ಬಂದರೆ ಸೊಂಟದ ಅಳತೆ ಏಕೆ ಎಂದು ಬೇಸರ ಪಡಬೇಡಿ.

ಯಾರಿಗೆ ಯಾವ ಚಿಕಿತ್ಸೆ?

ಬೆರಳು ಸೇರಿ ನಿಮ್ಮ ಒಂದು ಅಂಗೈಯ ಅಳತೆ ಸುಮಾರು ಮೈಯ ನೂರರಲ್ಲಿ ಒಂದು ಭಾಗ. ಮಚ್ಚೆಗಳೆಲ್ಲ ಸೇರಿ ಮೂರು ಅಂಗೈಗಿಂತ ಕಡಿಮೆ ಇದ್ದರೆ ಸೌಮ್ಯ, ಹತ್ತು ಅಂಗೈಗಿಂತ ಹೆಚ್ಚಿದ್ದರೆ ತೀವ್ರ. ಆದರೆ ಅಂಗಾಲು ಬಿರಿದು ಹೊಲಕ್ಕೆ ನಡೆಯಲಾಗದವರಿಗೆ, ಅಂಗೈ ಒಡೆದು ರೊಟ್ಟಿ ತಟ್ಟಲಾಗದ ತಾಯಿಗೆ, ಜಾಗ ಸಣ್ಣದಾದರೂ ರೋಗ ದೊಡ್ಡದೇ. ಕಾಯಕ ನಿಂತಿದ್ದರೆ ಅದನ್ನು ವೈದ್ಯರಿಗೆ ಹೇಳಿ. ಚಿಕಿತ್ಸೆ ಅದರ ಮೇಲೂ ನಿರ್ಧಾರವಾಗುತ್ತದೆ.

ಮೊದಲನೆಯದು ಜಿಡ್ಡು. ಸ್ನಾನಕ್ಕೆ ಸುಡುವ ನೀರು ಬೇಡ, ಉಗುರುಬೆಚ್ಚಗೆ ಇರಲಿ. ಕಲ್ಲು, ನಾರು ಹಾಕಿ ತಿಕ್ಕಬೇಡಿ. ಮೈ ಒರೆಸಿದ ಕೂಡಲೇ, ತೇವ ಇರುವಾಗಲೇ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಅಥವಾ ಲಿಕ್ವಿಡ್ ಪ್ಯಾರಾಫಿನ್ ಹಚ್ಚಿ. ದಿನಕ್ಕೆ ಎರಡು ಮೂರು ಸಲ ಹಚ್ಚಿದರೂ ಆದೀತು. ಚಳಿಗಾಲದಲ್ಲಿ ಇದನ್ನು ತಪ್ಪಿಸಲೇಬೇಡಿ.

ಎರಡನೆಯದು ಹಚ್ಚುವ ಮುಲಾಮು. ಹೊಟ್ಟು ಕರಗಿಸಲು ಸ್ಯಾಲಿಸಿಲಿಕ್ ಆಮ್ಲ, ಬೆಳವಣಿಗೆ ತಗ್ಗಿಸಲು ಕೋಲ್ ಟಾರ್, ವಿಟಮಿನ್ ಡಿ ಗುಂಪಿನ ಕ್ಯಾಲ್ಸಿಪೋಟ್ರಿಯಾಲ್, ಉರಿ ತಗ್ಗಿಸಲು ಸ್ಟಿರಾಯ್ಡ್ ಮುಲಾಮು ಇವೆ. ಬೆರಳಿನ ಕೊನೆಯ ಗೆಣ್ಣಿನಷ್ಟು ಉದ್ದ ಹಿಂಡಿದ ಮುಲಾಮು ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುತ್ತದೆಂದು ಸ್ಟಿರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಬೇಡಿ. ಚರ್ಮ ತೆಳ್ಳಗಾಗುತ್ತದೆ. ಬಲವಾದ ಮುಲಾಮನ್ನು ಮುಖಕ್ಕೆ, ತೊಡೆಸಂದಿಗೆ ವೈದ್ಯರು ಹೇಳದೆ ಹಚ್ಚಲೇಬಾರದು.

ಮೂರನೆಯದು ಬೆಳಕಿನ ಚಿಕಿತ್ಸೆ. ಇಷ್ಟೇ ಅಲೆಯುದ್ದದ ನೇರಳಾತೀತ ಕಿರಣವನ್ನು ಯಂತ್ರದಿಂದ ವಾರಕ್ಕೆ ಎರಡು ಮೂರು ಸಲ ಕೊಡುತ್ತಾರೆ. ಗುಣ ಕಾಣಲು ಸಾಮಾನ್ಯವಾಗಿ 20ರಿಂದ 30 ಸಲ ಬೇಕು. ನಾಲ್ಕು ಸಲ ಬಂದು "ಏನೂ ಆಗಲಿಲ್ಲ" ಎಂದು ನಿಲ್ಲಿಸಿದರೆ ಬಂದ ಬಸ್ ಚಾರ್ಜೂ ವ್ಯರ್ಥ. ಬಾವಂಚಿ ಬೀಜದಲ್ಲಿ ಸೊರಾಲೆನ್ ಎಂಬ ವಸ್ತು ಇದೆ, ಅದು ಚರ್ಮವನ್ನು ಬಿಸಿಲಿಗೆ ಬಹಳ ಸೂಕ್ಷ್ಮ ಮಾಡುತ್ತದೆ. ಯಾರೋ ಹೇಳಿದರೆಂದು ಬಾವಂಚಿ ಎಣ್ಣೆ ಹಚ್ಚಿ ಬಿಸಿಲಲ್ಲಿ ಕುಳಿತು, ಸುಟ್ಟು ಗುಳ್ಳೆ ಎದ್ದು ಬರಬೇಡಿ.

ನಾಲ್ಕನೆಯದು ಗುಳಿಗೆ ಮತ್ತು ಇಂಜೆಕ್ಷನ್. ಇಲ್ಲಿ ಒಂದು ಮಾತನ್ನು ಕಿವಿಗೊಟ್ಟು ಕೇಳಬೇಕು.

ವಾರಕ್ಕೊಮ್ಮೆ ಎಂದರೆ ವಾರಕ್ಕೊಮ್ಮೆಯೇ

ಮೆಥೊಟ್ರೆಕ್ಸೇಟ್ ಎಂಬ ಗುಳಿಗೆ ಹಳೆಯದು, ಅಗ್ಗದ್ದು, ಚರ್ಮಕ್ಕೂ ಕೀಲಿಗೂ ಒಳ್ಳೆಯದು. ಆದರೆ ಇದನ್ನು ತೆಗೆದುಕೊಳ್ಳಬೇಕಾದದ್ದು ವಾರಕ್ಕೆ ಒಂದೇ ದಿನ. ದಿನಾಲೂ ನುಂಗಿದರೆ ಅದೇ ಗುಳಿಗೆ ವಿಷವಾಗುತ್ತದೆ. ಬಾಯಿ ಹುಣ್ಣಾಗುತ್ತದೆ, ರಕ್ತಕಣಗಳು ಕುಸಿಯುತ್ತವೆ, ಜೀವಕ್ಕೇ ಅಪಾಯ. ಓದು ಬಾರದ ಅಜ್ಜಿಗೆ ಮೊಮ್ಮಗ ಭಕ್ತಿಯಿಂದ ದಿನಕ್ಕೊಂದು ಗುಳಿಗೆ ಕೊಟ್ಟ, ಒಂದು ವಾರದಲ್ಲಿ ಅವರು ನೀರೂ ನುಂಗಲಾರದೆ ದಾಖಲಾದರು. ಮೊಮ್ಮಗನದು ಪ್ರೀತಿಯೇ, ಆದರೆ ಚೀಟಿ ಓದಿರಲಿಲ್ಲ.

ಆದ್ದರಿಂದ ಒಂದು ವಾರವನ್ನು ಗೊತ್ತು ಮಾಡಿಕೊಳ್ಳಿ. ನಮ್ಮ ಮನೆಗಳಲ್ಲಿ ಸೋಮವಾರವನ್ನು ಯಾರೂ ಮರೆಯುವುದಿಲ್ಲ. ವೈದ್ಯರು ಒಪ್ಪಿದರೆ ಸೋಮವಾರವೇ ಇರಲಿ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಗುಳಿಗೆ ಬೇರೆ ದಿನದ್ದು. ಎರಡೂ ಸಣ್ಣ ಹಳದಿ ಗುಳಿಗೆಗಳಾಗಿರಬಹುದು, ಬೇರೆ ಬೇರೆ ಡಬ್ಬಿಯಲ್ಲಿಡಿ. ಮರೆತರೆ ಮರುದಿನ ಎರಡರಷ್ಟು ನುಂಗಬೇಡಿ, ನಮ್ಮನ್ನು ಕೇಳಿ.

ಈ ಗುಳಿಗೆ ಆರಂಭಿಸುವ ಮೊದಲೂ, ನಡುವೆಯೂ ರಕ್ತ ಮತ್ತು ಯಕೃತ್ತಿನ ಪರೀಕ್ಷೆ ಬೇಕೇ ಬೇಕು. ಮದ್ಯಪಾನ ಪೂರ್ತಿ ಬಿಡಬೇಕು. ಬಸುರಿಯರು ಇದನ್ನು ತೆಗೆದುಕೊಳ್ಳುವಂತಿಲ್ಲ. ಮಗು ಬೇಕೆಂಬ ಯೋಚನೆ ಗಂಡ ಹೆಂಡತಿಗೆ ಇದ್ದರೆ ಮೊದಲೇ ತಿಳಿಸಿ, ಬೇರೆ ದಾರಿ ಇದೆ. ಜ್ವರ, ಗಂಟಲು ನೋವಿಗೆ ಬೇರೆ ಕಡೆ ಹೋದಾಗ "ನಾನು ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತೇನೆ" ಎಂದು ಹೇಳಿ. ಕೋ-ಟ್ರೈಮಾಕ್ಸಜೋಲ್‌ನಂತಹ ಕೆಲವು ಔಷಧಿಗಳು ಇದರ ಜೊತೆ ಕೂಡಿ ಬರುವುದಿಲ್ಲ.

ಇದಲ್ಲದೆ ಸೈಕ್ಲೋಸ್ಪೋರಿನ್, ಅಸಿಟ್ರೆಟಿನ್, ಅಪ್ರೆಮಿಲಾಸ್ಟ್ ಎಂಬ ಔಷಧಿಗಳಿವೆ. ಅಸಿಟ್ರೆಟಿನ್ ತೆಗೆದುಕೊಂಡ ಹೆಣ್ಣುಮಕ್ಕಳು ಬಿಟ್ಟ ಮೇಲೂ ಮೂರು ವರ್ಷ ಬಸುರಿಯಾಗಬಾರದು. ರೋಗದ ಮೂಲ ಸಂದೇಶವನ್ನೇ ತಡೆಯುವ ಬಯಾಲಜಿಕ್ ಇಂಜೆಕ್ಷನ್‌ಗಳೂ ಬಂದಿವೆ. ಈ ಸಾಲಿನ ಇಟೊಲಿಜುಮ್ಯಾಬ್ ಎಂಬ ಔಷಧಿಯನ್ನು ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ 2013ರಲ್ಲಿ ಹೊರತಂದಿತು. ಇವುಗಳ ಬೆಲೆ ಹೆಚ್ಚು. ಇವನ್ನು ಕೊಡುವ ಮೊದಲು ಕ್ಷಯ ರೋಗ ಒಳಗೆ ಅಡಗಿದೆಯೇ ಎಂದು ಎದೆಯ ಎಕ್ಸ್-ರೇ ಮತ್ತು ಇತರ ಪರೀಕ್ಷೆ ಮಾಡುತ್ತೇವೆ. ಎಲ್ಲರಿಗೂ ಇವು ಬೇಕಾಗುವುದಿಲ್ಲ.

ಒಂದೇ ಇಂಜೆಕ್ಷನ್‌ಗೆ ಮಾಯ ಎನ್ನುವವರಿಂದ ದೂರವಿರಿ

ಒಬ್ಬ ರೈತರು ಊರಿನಲ್ಲಿ ಯಾರೋ ಕೊಟ್ಟ ಪೊಟ್ಟಣದ ಗುಳಿಗೆ ನುಂಗುತ್ತಿದ್ದರು. ಎಂಟು ದಿನದಲ್ಲಿ ಮೈ ಕನ್ನಡಿಯಾಯಿತು. ನಾಲ್ಕು ತಿಂಗಳು ನುಂಗಿ ಸುಗ್ಗಿಯ ಹೊತ್ತಿಗೆ ಬಿಟ್ಟರು. ಎರಡೇ ವಾರದಲ್ಲಿ ನೆತ್ತಿಯಿಂದ ಅಂಗಾಲಿನವರೆಗೆ ಕೆಂಪಾಗಿ, ಚಳಿ ನಡುಗುತ್ತ, ಹಾಸಿಗೆ ತುಂಬ ಹೊಟ್ಟು ಉದುರಿಸುತ್ತ ಬಂದರು. ಆ ಪೊಟ್ಟಣದಲ್ಲಿದ್ದದ್ದು ಸ್ಟಿರಾಯ್ಡ್. ಹೊಟ್ಟೆಗೆ ಕೊಟ್ಟ ಸ್ಟಿರಾಯ್ಡ್ ಸೋರಿಯಾಸಿಸ್ಸನ್ನು ಕ್ಷಣಕ್ಕೆ ಅಡಗಿಸುತ್ತದೆ, ನಿಲ್ಲಿಸಿದಾಗ ರೋಗ ಹತ್ತು ಪಟ್ಟಾಗಿ ಎದ್ದು ಬರಬಹುದು. ಮೂರು ವಾರ ಆಸ್ಪತ್ರೆಯಲ್ಲಿದ್ದು ಅವರು ಚೇತರಿಸಿಕೊಂಡರು. ಆ ವರ್ಷದ ಜೋಳ ಮಾತ್ರ ಹೊಲದಲ್ಲೇ ಉದುರಿತು.

ಮೈಯೆಲ್ಲ ಕೆಂಪಾಗುವುದು, ಕೀವು ತುಂಬಿದ ಸಣ್ಣ ಗುಳ್ಳೆಗಳು ಗುಂಪಾಗಿ ಏಳುವುದು, ಜೊತೆಗೆ ಜ್ವರ ನಡುಕ ಬಂದರೆ ಒಂದು ದಿನವೂ ಕಾಯದೆ ದೊಡ್ಡ ಆಸ್ಪತ್ರೆಗೆ ಬನ್ನಿ. ಆಯುರ್ವೇದ ಚಿಕಿತ್ಸೆ ಬೇಕೆನ್ನುವವರು ಓದಿದ, ನೋಂದಾಯಿತ ವೈದ್ಯರಲ್ಲಿಗೇ ಹೋಗಿ. ಹೆಸರಿಲ್ಲದ ಪುಡಿ, ಭಸ್ಮ, ಎಣ್ಣೆ ನಂಬಬೇಡಿ.

ಪಥ್ಯ, ದುಶ್ಚಟ, ಮನಸ್ಸು

ಬದನೆಕಾಯಿ ಬಿಡಬೇಕೇ, ಶೇಂಗಾ ಬಿಡಬೇಕೇ ಎಂದು ಕೇಳುತ್ತೀರಿ. ಎಲ್ಲರೂ ಬಿಡಲೇಬೇಕಾದ ಆಹಾರ ಎಂಬುದು ಇಲ್ಲ. ರೊಟ್ಟಿ, ಪಲ್ಯ, ಕಾಳು, ಮಜ್ಜಿಗೆ ಧಾರಾಳವಾಗಿ ಉಣ್ಣಿ. ತೂಕ ಹೆಚ್ಚಿದ್ದರೆ ಇಳಿಸಿ, ಅದರಿಂದ ಮಚ್ಚೆಯೂ ಇಳಿಯುತ್ತದೆ, ಔಷಧಿಯೂ ಚೆನ್ನಾಗಿ ಹಿಡಿಯುತ್ತದೆ. ಬಿಡಲೇಬೇಕಾದದ್ದು ಬೀಡಿ, ಸಿಗರೇಟು, ಸಾರಾಯಿ. ಮನಸ್ಸಿನ ಏರಿಳಿತ ಹತೋಟಿಗೆ ಕೊಡುವ ಲಿಥಿಯಂ, ಬಿಪಿಗೆ ಕೊಡುವ ಕೆಲವು ಗುಳಿಗೆ, ಮಲೇರಿಯಾದ ಕ್ಲೋರೋಕ್ವಿನ್ ಇವು ರೋಗ ಕೆರಳಿಸಬಹುದು. ನೀವೇ ನಿಲ್ಲಿಸಬೇಡಿ, ಆ ಚೀಟಿಗಳನ್ನೆಲ್ಲ ಜೊತೆಗೆ ತನ್ನಿ.

ಚಿಂತೆಯಿಂದ ರೋಗ ಕೆರಳುತ್ತದೆ, ರೋಗದಿಂದ ಚಿಂತೆ ಹೆಚ್ಚುತ್ತದೆ. ನಿದ್ದೆ ಬಾರದಿದ್ದರೆ, ಬದುಕು ಸಾಕೆನಿಸಿದರೆ ಅದನ್ನೂ ವೈದ್ಯರಿಗೆ ಹೇಳಿ. ಅದಕ್ಕೂ ಚಿಕಿತ್ಸೆ ಇದೆ. ಬೆಳಗಿನ ಇಷ್ಟಲಿಂಗ ಪೂಜೆ, ಹತ್ತು ನಿಮಿಷದ ಮೌನ, ಸಂಜೆಯ ನಡಿಗೆ ಮನಸ್ಸನ್ನು ಹಗುರ ಮಾಡುತ್ತವೆ. ಔಷಧಿಯ ಬದಲಿಗೆ ಅಲ್ಲ, ಔಷಧಿಯ ಜೊತೆಗೆ.

ಬಂಧುಗಳಿಗೆ ಒಂದು ಮಾತು

"ಪೂರ್ತಿ ವಾಸಿಯಾಗುತ್ತದೆಯೇ?" ಎಂಬ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ಮತ್ತೆ ಎಂದೂ ಬಾರದಂತೆ ಬೇರುಸಹಿತ ಕೀಳುವ ಔಷಧಿ ಇಂದಿಗೂ ಇಲ್ಲ. ಬಿಪಿ, ಸಕ್ಕರೆಯಂತೆ ಹತೋಟಿಯಲ್ಲಿಡುವ ರೋಗ ಇದು. ಆದರೆ ಚರ್ಮ ಪೂರ್ತಿ ತಿಳಿಯಾಗಿ ತಿಂಗಳು, ವರ್ಷಗಟ್ಟಲೆ ಹಾಗೆಯೇ ಉಳಿಯುವಂತೆ ಮಾಡಬಹುದು. ಮತ್ತೆ ಬಂದರೆ ಅದು ನಿಮ್ಮ ಸೋಲಲ್ಲ, ವೈದ್ಯರ ಸೋಲೂ ಅಲ್ಲ. ಬೇಗ ಬಂದರೆ ಬೇಗ ಇಳಿಸಬಹುದು.

2014ರಲ್ಲಿ ವಿಶ್ವ ಆರೋಗ್ಯ ಸಭೆ ಸೋರಿಯಾಸಿಸ್ ಬಗ್ಗೆ ನಿರ್ಣಯ ಅಂಗೀಕರಿಸಿ, ರೋಗಿಗಳನ್ನು ದೂರವಿಡುವ ಪದ್ಧತಿ ಹೋಗಬೇಕೆಂದು ಎಲ್ಲ ದೇಶಗಳ ಗಮನ ಸೆಳೆಯಿತು. ಪ್ರತಿ ವರ್ಷ ಅಕ್ಟೋಬರ್ 29 ವಿಶ್ವ ಸೋರಿಯಾಸಿಸ್ ದಿನ. ಆದರೆ ನಿಮ್ಮ ಮನೆಯಲ್ಲಿ ಇದನ್ನು ಮಾಡಲು ಸಭೆ ಬೇಡ, ದಿನ ಬೇಡ. ಕೈ ಸಿಗದ ಬೆನ್ನಿಗೆ ನೀವೇ ಎಣ್ಣೆ ಹಚ್ಚಿಕೊಡಿ. ಸೋಮವಾರದ ಗುಳಿಗೆ ನೆನಪು ಮಾಡಿ. ಹಾಸಿಗೆ ಮೇಲಿನ ಹೊಟ್ಟು ಕಂಡು ಮುಖ ಸಿಂಡರಿಸಬೇಡಿ, ಕೊಡವಿ ಹಾಕಿ. ಬೇರೆ ತಟ್ಟೆ ಇದ್ದರೆ ಇಂದೇ ಅದನ್ನು ಉಳಿದ ತಟ್ಟೆಗಳ ಜೊತೆ ಸೇರಿಸಿ. ರೋಗ ನೋಡಿ ಮನುಷ್ಯನನ್ನು ಪಂಕ್ತಿಯಿಂದ ಎಬ್ಬಿಸುವುದು ಶರಣರ ದಾರಿಯಲ್ಲ.

ಆರಂಭದಲ್ಲಿ ಹೇಳಿದ ಹಿರಿಯರು ಅಂದು ನಮ್ಮ ಒತ್ತಾಯಕ್ಕೆ ಪಂಕ್ತಿಯ ಕೊನೆಯಲ್ಲಿ ಕುಳಿತರು. ಬಡಿಸುವ ಹುಡುಗ ಅವರ ಕೈ ನೋಡಲಿಲ್ಲ, "ಇನ್ನೊಂದು ರೊಟ್ಟಿ ಹಾಕಲೇನ್ರಿ ಅಜ್ಜಾರ?" ಎಂದ. ಈಗ ಅವರ ಚಿಕಿತ್ಸೆ ಆರಂಭವಾಗಿದೆ. ಮಚ್ಚೆ ಇನ್ನೂ ಇವೆ, ಇಳಿಯಲು ಕೆಲವು ವಾರ ಬೇಕು. ಮನೆಯ ಬೇರೆ ತಟ್ಟೆ ಮಾತ್ರ ಅಂದೇ ಹೋಯಿತಂತೆ.

ನಿಮ್ಮ ಹಳೆಯ ಚೀಟಿ, ಪರೀಕ್ಷೆಯ ವರದಿ, ನುಂಗುತ್ತಿರುವ ಎಲ್ಲ ಗುಳಿಗೆಗಳ ಹಾಳೆ ಇವುಗಳನ್ನು ಒಂದು ಚೀಲದಲ್ಲಿಟ್ಟು ಪ್ರತಿ ಸಲ ತನ್ನಿ. ಕೇಳಬೇಕೆನಿಸಿದ್ದನ್ನು ಸಂಕೋಚವಿಲ್ಲದೆ ಕೇಳಿ. ಊಟದ ಹೊತ್ತಾಗಿದೆ. ಎಲ್ಲರೂ ದಾಸೋಹಕ್ಕೆ ಬನ್ನಿ, ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸೋಣ.